ಮೇಷ್ಟರ ಪಟ್ಟಿ

ಜೂನ್ ತಿಂಗಳು ಬಂತೆಂದರೆ ನಮ್ಮ ಮೈಸೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಪಟ್ಟಿ ಕಾಣಿಸಿಕೊಳ್ಳುತ್ತದೆ. ಮಗುವನ್ನು ಸೇರಿಸಿದ ಖಾಸಗಿ ಶಾಲೆಯವರು ಅಚ್ಚು ಹಾಕಿಸಿ ಕೊಟ್ಟ ಪಟ್ಟಿ ಅದು. ಇನ್ನೂರು ಪುಟದ ನೋಟುಪುಸ್ತಕ ಹನ್ನೆರಡು, ನಾಲ್ಕು ಗೆರೆಯದು ಎರಡು, ಬಣ್ಣದ ಪೆನ್ಸಿಲು ಇಂಥ ಕಂಪನಿಯದೇ, ಹೊದಿಕೆಯ ಕಾಗದ ಇಂಥ ಬಣ್ಣದ್ದೇ. ಮನೆಯ ಯಜಮಾನರು ಕನ್ನಡಕ ಏರಿಸಿ ಓದುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ಶಾಲೆಯವರನ್ನು ಮನಸಾರೆ ಬಯ್ಯುತ್ತಾರೆ, ಆಮೇಲೆ ಚೀಲ ಹಿಡಿದು ಶಿವರಾಂಪೇಟೆಯ ಕಡೆಗೆ ಹೊರಡುತ್ತಾರೆ. ಆ ಪಟ್ಟಿಯ ಒಂದು ಸಾಲನ್ನಾದರೂ ಮೀರುವ ಎದೆಗಾರಿಕೆ ನಮ್ಮಲ್ಲಿ ಯಾರಿಗೂ ಇಲ್ಲ.

ಅದೇ ಜೂನ್ ತಿಂಗಳಲ್ಲಿ, ತಿರುಮಕೂಡಲು ನರಸೀಪುರದಿಂದ ತಲಕಾಡಿಗೆ ಹೋಗುವ ದಾರಿಯ ಎಡಬಲದ ಹಳ್ಳಿಗಳಲ್ಲಿಯೂ ಒಂದು ಪಟ್ಟಿ ಸಿದ್ಧವಾಗುತ್ತದೆ. ಅದು ಶಾಲೆಯವರು ತಂದೆತಾಯಿಗಳಿಗೆ ಕೊಡುವುದಲ್ಲ. ಸರ್ಕಾರಿ ಶಾಲೆಗೆ ಹೊಸದಾಗಿ ಬಂದ ಮೇಷ್ಟರೋ ಮೇಡಮ್ಮೋ ತನ್ನ ಕೊಠಡಿಗೆ ಏನೇನು ಬೇಕೆಂದು ನೋಟುಪುಸ್ತಕದ ಹಾಳೆ ಹರಿದು ಬರೆಯುವ ಪಟ್ಟಿ. ಅದಕ್ಕೆ ಅಚ್ಚಿಲ್ಲ, ಮೊಹರಿಲ್ಲ. ಯಾರಿಗೆ ಕೊಡಬೇಕೆಂಬ ವಿಳಾಸವೂ ಇಲ್ಲ. ಮೊದಲನೆಯದು ಆಜ್ಞೆ, ಎರಡನೆಯದು ಅರ್ಜಿ. ಅರ್ಜಿ ಎನ್ನುವುದೂ ಹೆಚ್ಚಾಯಿತು, ಅರ್ಜಿಯಾದರೆ ಅದಕ್ಕೊಂದು ನಂಬರು ಬೀಳುತ್ತದೆ. ಈ ಎರಡನೆಯ ಪಟ್ಟಿಯ ಪರವಾಗಿ ವಾದ ಹೂಡಲು ನಾನು ಲೇಖನಿ ಹಿಡಿದಿದ್ದೇನೆ. ವಾದಿಸುವವನೂ ಈ ಮೊಕದ್ದಮೆಯ ಆರೋಪಿಗಳಲ್ಲಿ ಒಬ್ಬನೆಂಬುದನ್ನು ಮುಂದೆ ನೀವೇ ಕಾಣುವಿರಿ.

ನಾನು 36 ವರ್ಷ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದು 2024ರಲ್ಲಿ ನಿವೃತ್ತನಾದವನು. 1988ರ ಜೂನ್‌ನಲ್ಲಿ ಮೊದಲ ನೇಮಕದ ಕಾಗದ ಹಿಡಿದು ಬಸ್ಸಿಳಿದದ್ದು ಮುಡುಕುತೊರೆಯ ಮಗ್ಗುಲಿನ ಒಂದು ಹಳ್ಳಿಗೆ. ಊರಿನ ಹೆಸರು ಬೇಡ. ಮುಡುಕುತೊರೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವ ಸ್ಥಳವೇ. ಸೋಮಗಿರಿಯೆಂಬ ಪುಟ್ಟ ಬೆಟ್ಟದ ಮೇಲೆ ಮಲ್ಲಿಕಾರ್ಜುನ ಸ್ವಾಮಿ, ಕೆಳಗೆ ಮೈ ಬಾಗಿಸಿ ತಿರುಗುವ ಕಾವೇರಿ, ಸುತ್ತ ಗದ್ದೆ ಬಯಲು. ಪಂಚಲಿಂಗ ದರ್ಶನದ ಐದು ಗುಡಿಗಳಲ್ಲಿ ಇದೂ ಒಂದಾದ್ದರಿಂದ, 2013ರಲ್ಲಿಯೂ 2020ರಲ್ಲಿಯೂ ನೀವು ತಲಕಾಡಿಗೆ ಹೋಗಿದ್ದರೆ ಇಲ್ಲಿಯ ಮೆಟ್ಟಿಲನ್ನೂ ಹತ್ತಿರಬೇಕು. ಹತ್ತುವಾಗ ದಾರಿಯ ಪಕ್ಕದ ಹಳ್ಳಿಯ ಶಾಲೆಯ ಕಡೆ ನೀವು ನೋಡಿರಲಾರಿರಿ. ತಪ್ಪೇನಿಲ್ಲ, ದೇವರನ್ನು ನೋಡಲು ಬಂದವರು ದೇವರನ್ನೇ ನೋಡಬೇಕು.

ಶಾಲೆಗೆ ಸೇರಿದ ಮೂರನೆಯ ದಿನ ಪಟ್ಟಿ ಬರೆದೆ. ತರಬೇತಿ ಮುಗಿಸಿ ಬಂದ ಹುರುಪು. ಎರಡು ಹಾಳೆಯ ಎರಡು ಮಗ್ಗುಲೂ ತುಂಬಿತು. ಒಟ್ಟು 27 ಬಾಬು. ಬಿಳಿಯ ಸೀಮೆಸುಣ್ಣ 12 ಡಬ್ಬಿ, ಬಣ್ಣದ್ದು 2. ಹಲಗೆಗೆ ಬಳಿಯಲು ಕಪ್ಪು ಬಣ್ಣ. ಸ್ಲೇಟಿಲ್ಲದ ಮಕ್ಕಳಿಗೆ ಸ್ಲೇಟು 11. ಆ ಹನ್ನೊಂದು ಮಕ್ಕಳ ಹೆಸರನ್ನೂ ಬರೆದಿದ್ದೆ. ಕರ್ನಾಟಕದ ಭೂಪಟ, ಭಾರತದ ಭೂಪಟ, ಒಂದು ಭೂಗೋಲ. ಚೆಂಡು ಎರಡು. ಬೀಗ ಒಂದು. ನೀರಿಗೆ ಗುಡಾಣ, ಲೋಟ. ಸೋರುವ ಮೂಲೆಯಿಂದ ಪುಸ್ತಕದ ಪೆಟ್ಟಿಗೆಯನ್ನು ಎತ್ತಿಡಲು ಒಂದು ಮಣೆ. ಹೀಗೆ.

ನಮ್ಮ ಮುಖ್ಯೋಪಾಧ್ಯಾಯರು ಒಳ್ಳೆಯವರು. ಅದನ್ನು ಒತ್ತಿ ಹೇಳುತ್ತೇನೆ. ಪಟ್ಟಿಯನ್ನು ಪೂರ್ತಿ ಓದಿದರು. ಕಿವಿಯ ಸಂದಿನಿಂದ ಕೆಂಪು ಪೆನ್ಸಿಲು ತೆಗೆದರು. "ಹೊಸಬರು, ಆಸೆ ಇರ್ತದೆ" ಎಂದು ನಕ್ಕು, 22 ಬಾಬಿನ ಮೇಲೆ ಗೀಟು ಎಳೆದರು. ಉಳಿದ ಐದರಲ್ಲಿ ಬಂದದ್ದು ಮೂರು. ಅದೂ ದಸರೆ ಕಳೆದ ಮೇಲೆ. ಹಲಗೆಗೆ ಬಣ್ಣ ಬರಲಿಲ್ಲ. ತೊಂಡೆ ಸೊಪ್ಪಿಗೆ ಇದ್ದಿಲು ಸೇರಿಸಿ ಅರೆದು ಬಳಿಯುವುದನ್ನು ಮಕ್ಕಳೇ ನನಗೆ ಕಲಿಸಿಕೊಟ್ಟರು. ಮುಗಿದುಹೋದ ಟಾರ್ಚಿನ ಸೆಲ್ಲನ್ನು ಒಡೆದು ಅದರ ಕಪ್ಪು ಪುಡಿಯನ್ನೂ ಬೆರೆಸಿದರೆ ಇನ್ನೂ ಚೆನ್ನ. ಇದರಲ್ಲಿ ನನಗೆ ಬೇಸರವಿರಲಿಲ್ಲ, ಸಂತೋಷವೇ ಇತ್ತು. ಸಂತೋಷವನ್ನೇ ಮುಂದೆ ನಮ್ಮ ಮೇಲೆ ಸಾಲದಂತೆ ಹೊರಿಸುತ್ತಾರೆಂದು ಆಗ ತಿಳಿದಿರಲಿಲ್ಲ.

ಆ ಕಾಲಕ್ಕೆ ದೆಹಲಿಯಿಂದ ಒಂದು ದೊಡ್ಡ ಯೋಜನೆ ಹೊರಟಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1987ರಲ್ಲಿ ಆರಂಭವಾದ ಕಪ್ಪು ಹಲಗೆ ಕಾರ್ಯಾಚರಣೆ. ಪ್ರತಿ ಪ್ರಾಥಮಿಕ ಶಾಲೆಗೂ ಕನಿಷ್ಠ ಎರಡು ಕೊಠಡಿ, ಇಬ್ಬರು ಉಪಾಧ್ಯಾಯರು, ಭೂಪಟ, ಆಟಿಕೆ, ವಿಜ್ಞಾನದ ಪೆಟ್ಟಿಗೆ, ಗಣಿತದ ಪೆಟ್ಟಿಗೆ. ಸುಳ್ಳು ಹೇಳಬಾರದು, ನಮ್ಮ ಶಾಲೆಗೂ ಪೆಟ್ಟಿಗೆ ಬಂತು. ಅದರಲ್ಲಿ ನನ್ನ ಪಟ್ಟಿಯ ಭೂಗೋಲವೂ ಇತ್ತು. ಪೆಟ್ಟಿಗೆಯ ಸಾಮಾನನ್ನು ದಾಸ್ತಾನು ಪುಸ್ತಕಕ್ಕೆ ಏರಿಸಿ, ಎಣಿಸಿ, ಸಹಿ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಒಡೆದರೆ ಯಾರು ಜವಾಬು? ತನಿಖೆಗೆ ಸಾಹೇಬರು ಬಂದಾಗ ಬೀರು ತೆರೆಯುತ್ತಿದ್ದೆವು. ಮಕ್ಕಳೂ ಸಾಲಾಗಿ ನಿಂತು ಭೂಮಿಯನ್ನು ದೂರದಿಂದ ನೋಡುತ್ತಿದ್ದರು. ಕೇಳಿದವನಿಗೆ ಕೊಡದೆ, ಕೊಟ್ಟದ್ದನ್ನು ಮುಟ್ಟಗೊಡದೆ ಇರುವ ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಎಲ್ಲಿ ಕಲಿಸುತ್ತಾರೋ ಕಾಣೆ. ಕಲಿತವರಂತೂ ಎಲ್ಲ ಕಡೆ ಇದ್ದಾರೆ.

ಇನ್ನು ಜಾತ್ರೆಯ ವಿಚಾರ. ಮುಡುಕುತೊರೆಯ ಜಾತ್ರೆ ಜನವರಿ–ಫೆಬ್ರವರಿಯ ಹೊತ್ತಿಗೆ ಬರುತ್ತದೆ. ತೇರಿಗಿಂತ ದನಗಳಿಗೆ ಹೆಸರಾದ ಜಾತ್ರೆ. ಕೊಂಬಿಗೆ ಬಣ್ಣ ಹಚ್ಚಿದ ಹಳ್ಳಿಕಾರ್ ಜೋಡಿಗಳು, ಚಪ್ಪರಗಳು, ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ನಡೆಯುವ ವ್ಯಾಪಾರ. ಆ ದಿನಗಳಲ್ಲಿ ಶಾಲೆಗೆ ಮಕ್ಕಳು ಬರುವುದಿಲ್ಲ. ಬರಬೇಕೆಂದು ನಾನೂ ಹಟ ಹಿಡಿದವನಲ್ಲ. ಅವರ ಹಿಂದೆಯೇ ಜಾತ್ರೆಗೆ ಹೋಗುತ್ತಿದ್ದೆ. ನನ್ನ ತರಗತಿಗೆಂದು ನಾನು ಕೈಯಿಂದ ದುಡ್ಡು ಹಾಕಿ ಕೊಂಡ ಮೊದಲ ಸಾಮಾನು ಆ ಜಾತ್ರೆಯದು. ಹನ್ನೆರಡು ಮೊಳ ಹಗ್ಗ, ಒಂದು ಎತ್ತಿನ ಗಂಟೆ. ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಿ ನೆಲದ ಮೇಲೆ ಹಾಸಿದರೆ ಮಕ್ಕಳು ಗಂಟಿನಿಂದ ಗಂಟಿಗೆ ಕುಪ್ಪಳಿಸುತ್ತ ಕೂಡುವುದನ್ನೂ ಕಳೆಯುವುದನ್ನೂ ಕಲಿಯುತ್ತಿದ್ದರು. ಗಂಟೆ ಶಾಲೆಯ ಗಂಟೆಯಾಯಿತು.

ಅಲ್ಲಿ ನಿಂತು ನೋಡಿದ ಒಂದು ಮಾತನ್ನು ಇಂದಿಗೂ ಮರೆತಿಲ್ಲ. ಎತ್ತು ಕೊಂಡ ರೈತ ಅದನ್ನು ಹೊಡೆದುಕೊಂಡು ನೇರವಾಗಿ ಮನೆಗೆ ಹೋಗುವುದಿಲ್ಲ. ಮೊದಲು ಹಗ್ಗದ ಅಂಗಡಿ; ಮೂಗುದಾರ, ಕಣ್ಣಿ, ಬಾರುಕೋಲು. ಆಮೇಲೆ ಲಾಳ ಕಟ್ಟುವವನ ಹತ್ತಿರ. ಎತ್ತಿಗೆ ಕೊಟ್ಟ ಬೆಲೆಯ ಜೊತೆಗೆ ಇದೂ ಸೇರಿದ ಖರ್ಚೆಂದು ಅವನಿಗೆ ಗೊತ್ತು. "ಲಾಳ ಯಾಕೆ, ನಿನ್ನ ಎತ್ತಿಗೆ ಸೇವಾಮನೋಭಾವ ಇಲ್ಲವೆ?" ಎಂದು ಅಲ್ಲಿ ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ.

ಮೇಷ್ಟರಿಗೆ ಮಾತ್ರ ಕೇಳುತ್ತಾರೆ.

ಎರಡನೆಯ ವರ್ಷ ನಾನು ಬರೆದ ಪಟ್ಟಿಯಲ್ಲಿ ಐದೇ ಬಾಬು. ಮುಖ್ಯೋಪಾಧ್ಯಾಯರು ಪೆನ್ಸಿಲು ತೆಗೆಯಬೇಕಾಗಲೇ ಇಲ್ಲ. "ಈಗ ಕಲಿತಿರಿ" ಎಂದು ಬೆನ್ನು ತಟ್ಟಿದರು. ಹತ್ತು ವರ್ಷ ಕಳೆಯುವ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಉಳಿದದ್ದು ಸೀಮೆಸುಣ್ಣ ಮತ್ತು ಪೊರಕೆ. ನನ್ನ ಕೊಠಡಿಗೆ ಬೇಕಾದದ್ದು ಕಡಿಮೆಯಾಯಿತೆಂದಲ್ಲ. ಬೇಕು ಎನ್ನುವ ಬುದ್ಧಿಯೇ ನನ್ನಲ್ಲಿ ಸವೆದುಹೋಗಿತ್ತು. ಇದನ್ನು ಇಲಾಖೆಯ ಭಾಷೆಯಲ್ಲಿ ಅನುಭವ ಎನ್ನುತ್ತಾರೆ. ಅನುಭವಕ್ಕೆ ವರ್ಷಕ್ಕೊಂದು ಬಡ್ತಿಯೂ ಉಂಟು.

ಈಗ 2023ರ ಜೂನ್‌ಗೆ ಬರೋಣ. ನನ್ನ ಸೇವೆಯ ಕೊನೆಯ ವರ್ಷ. ಸುತ್ತಿ ಸುತ್ತಿ ಅದೇ ಕಾವೇರಿ ದಂಡೆಯ ಇನ್ನೊಂದು ಶಾಲೆಗೆ ಬಂದಿದ್ದೆ, ಈಗ ನಾನೇ ಮುಖ್ಯೋಪಾಧ್ಯಾಯ. ಖಾಲಿ ಹುದ್ದೆಗೆ ಒಬ್ಬ ಹೆಣ್ಣುಮಗಳು ಅತಿಥಿ ಶಿಕ್ಷಕಿಯಾಗಿ ಬಂದಳು. ಅತಿಥಿ ಶಿಕ್ಷಕರೆಂದರೆ ಯಾರೆಂದು ಪಟ್ಟಣದ ಓದುಗರಿಗೆ ತಿಳಿಯದಿರಬಹುದು. ವರ್ಷದ ಪಾಠ ಮುಗಿಯುವವರೆಗೆ ಇಟ್ಟುಕೊಂಡು ಬೇಸಗೆಗೆ ಬೀಳ್ಕೊಡುವ ಉಪಾಧ್ಯಾಯರು. ಆಗ ಪ್ರಾಥಮಿಕ ಶಾಲೆಯಲ್ಲಿ ಅವರಿಗೆ ತಿಂಗಳಿಗೆ 10,000 ರೂಪಾಯಿ ಗೌರವಧನ. ಆ ಪದದಲ್ಲಿ ಗೌರವವೂ ಧನವೂ ಎರಡೂ ಇವೆ; ಕೈಗೆ ಬಂದಾಗ ಯಾವುದು ಎಷ್ಟೆಂದು ಎಣಿಸುವುದು ಅವರ ಕಷ್ಟ. ಈಕೆಗೆ ಜೂನ್ ತಿಂಗಳದ್ದು ಬಂದದ್ದು ಸೆಪ್ಟೆಂಬರ್‌ನಲ್ಲಿ.

ಆಕೆಗೆ ಒಂದರಿಂದ ಮೂರನೆಯ ತರಗತಿಯ ನಲಿಕಲಿ ಕೊಠಡಿ ಕೊಟ್ಟೆ. ನಲಿಕಲಿ ನಮ್ಮ ಮೈಸೂರು ಜಿಲ್ಲೆಯದೇ ಕೂಸು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ್ದು. ರಿಷಿವ್ಯಾಲಿಯ ಶಾಲೆಗಳನ್ನು ಕಂಡು ಬಂದ ನಮ್ಮ ಮೇಷ್ಟರುಗಳೇ ತಮ್ಮ ಮಕ್ಕಳಿಗೆ ತಕ್ಕಂತೆ ಕೈಯಾರೆ ಕಾರ್ಡುಗಳನ್ನು ಬರೆದು ಕಟ್ಟಿದ ಪದ್ಧತಿ. 2009–10ರಲ್ಲಿ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಆಗ ಕಾರ್ಡುಗಳು ಅಚ್ಚಾಗಿ ಮೇಲಿನಿಂದ ಬಂದವು. ಅದರ ರೀತಿ ಹೀಗೆ. ಗೋಡೆಯ ಮೇಲೆ ಕಲಿಕೆಯ ಏಣಿಯ ಚಿತ್ರವಿರುತ್ತದೆ, ಒಂದೊಂದು ಮೆಟ್ಟಿಲಿಗೂ ಒಂದು ಗುರುತು, ಒಂದು ಕಾರ್ಡು. ಮಗು ತನ್ನ ಮೆಟ್ಟಿಲು ಯಾವುದೆಂದು ನೋಡಿ, ಆ ಕಾರ್ಡನ್ನು ತಾನೇ ಹುಡುಕಿ ತೆಗೆದುಕೊಂಡು, ಅದಕ್ಕೆ ತಕ್ಕ ತಟ್ಟೆಯಲ್ಲಿ, ಎಂದರೆ ಗುಂಪಿನಲ್ಲಿ, ಕೂತು ಕಲಿಯುತ್ತದೆ. ತಲೆಯ ಮೇಲೆ ದಾರದ ಚಪ್ಪರ. ಮಕ್ಕಳು ಬರೆದದ್ದು ಬಿಡಿಸಿದ್ದೆಲ್ಲ ಅದರಲ್ಲಿ ತೂಗಾಡುತ್ತಿರಬೇಕು. ಸೊಗಸಾದ ಪದ್ಧತಿ. ಆದರೆ ಒಂದು ಕಾರ್ಡು ಕಳೆದರೆ ಏಣಿಯ ಒಂದು ಮೆಟ್ಟಿಲು ಮುರಿದಂತೆ. ಆ ಮೆಟ್ಟಿಲಿಗೆ ಬಂದ ಮಕ್ಕಳೆಲ್ಲ ಅಲ್ಲೇ ಗುಂಪು ಕಟ್ಟಿ ನಿಲ್ಲುತ್ತಾರೆ. ಆರೇಳು ವರ್ಷದ ಮಕ್ಕಳ ಕೈ. ಕಾರ್ಡು ಸವೆಯುತ್ತದೆ, ನೆನೆಯುತ್ತದೆ, ಇಲಿಗೂ ಅದು ರುಚಿ. ಆಕೆಯ ಕೊಠಡಿಯಲ್ಲಿ ಎಷ್ಟು ಮೆಟ್ಟಿಲು ಮುರಿದಿದ್ದವೆಂಬುದನ್ನು ಆಕೆ ಬಂದ ವಾರದಲ್ಲಿ ಎಣಿಸಿದಳು. ಅಲ್ಲಿಯವರೆಗೆ ಎಣಿಸಿದವರಿಲ್ಲ, ನಾನೂ ಎಣಿಸಿರಲಿಲ್ಲ.

ಆಮೇಲೆ ಪಟ್ಟಿ ತಂದಳು. 31 ಬಾಬು, ಎದುರಿಗೆ ಬೆಲೆ, ಕೆಳಗೆ ಮೊತ್ತ: ನಾಲ್ಕು ಸಾವಿರದ ಚಿಲ್ಲರೆ. ಕಳೆದ ಕಾರ್ಡುಗಳನ್ನು ಮತ್ತೆ ಬರೆಯಲು ದಪ್ಪ ಕಾಗದ, ಬಣ್ಣ. ಚಪ್ಪರಕ್ಕೆ ದಾರ. ತುದಿ ಮೊಂಡಾದ ಕತ್ತರಿ ಆರು. ಭೂತಗನ್ನಡಿ ಎರಡು. ಗೋಡೆ ಗಡಿಯಾರ. ಹದಿನಾಲ್ಕನೆಯ ಬಾಬು ಪ್ರಪಂಚದ ಭೂಪಟ. ದಿನಕ್ಕೊಂದು ವೃತ್ತಪತ್ರಿಕೆ. "ಕನ್ನಡಿ ಒಂದು, ಮಕ್ಕಳ ಎತ್ತರಕ್ಕೆ."

ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಕೆಂಪು ಪೆನ್ಸಿಲಿನ ಕಾಲ ಹೋಗಿ ಕೆಂಪು ಬಾಲ್ ಪೆನ್ನು ಬಂದಿತ್ತು, ಅಷ್ಟೇ ವ್ಯತ್ಯಾಸ. ಕನ್ನಡಿ, ಗಡಿಯಾರ, ಭೂತಗನ್ನಡಿ, ಪತ್ರಿಕೆ, ಭೂಪಟ... ಗೀಟು ಎಳೆಯುತ್ತ ಹೋದೆ. ಆಕೆ ನೋಡುತ್ತಿದ್ದಳು. "ಸರ್, ಇವು ಬೇಡ ಅಂತ ಹೊಡೀತಿದ್ದೀರೋ, ಸಿಗೋದಿಲ್ಲ ಅಂತ ಹೊಡೀತಿದ್ದೀರೋ?" ಎಂದು ಕೇಳಿದಳು. ಕುಹಕವಿರಲಿಲ್ಲ; ನಿಜವಾಗಿಯೂ ತಿಳಿಯಲು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಎರಡೂ ಒಂದೇ ಎಂದು ನಾನು 35 ವರ್ಷ ನಂಬಿದ್ದೆ. ಸಿಗದ್ದನ್ನು ಬೇಡದ್ದೆಂದು ಬರೆದುಕೊಂಡರೆ ಸರ್ಕಾರಕ್ಕೂ ಸುಖ, ಮುಖ್ಯೋಪಾಧ್ಯಾಯರಿಗೂ ಸುಖ, ಮೇಷ್ಟರಿಗೂ ನಿದ್ರೆ. ಮಗುವಿನ ಮಾತು ಯಾರು ಕೇಳಬೇಕು? ನನ್ನ ಇಡೀ ತಕರಾರು ಇಷ್ಟೇ. ಹೊಸ ಉಪಾಧ್ಯಾಯ ಬರೆಯುವ ಮೊದಲ ಪಟ್ಟಿ ಒಂದು ಶಾಲೆಯ ನಿಜವಾದ ಜಾತಕ. ಹೊಸ ಕಣ್ಣಿಗೆ ಮಾತ್ರ ಮುರಿದದ್ದು ಮುರಿದದ್ದಾಗಿ ಕಾಣುತ್ತದೆ. ಆ ಪಟ್ಟಿಯನ್ನು ನಾವು ಎಲ್ಲಿಯೂ ದಾಖಲು ಮಾಡುವುದಿಲ್ಲ; ಅದಕ್ಕೆ ಬದಲಾಗಿ ಆ ಕಣ್ಣನ್ನೇ ಹಳತು ಮಾಡುತ್ತೇವೆ.

ದುಡ್ಡಿನ ಲೆಕ್ಕ ಕೇಳುವವರಿದ್ದಾರೆ, ಹೇಳುತ್ತೇನೆ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ವರ್ಷಕ್ಕೊಂದು ಇಡಿಗಂಟಿನ ಅನುದಾನ. ಗಂಟಿನ ಗಾತ್ರ ಮಕ್ಕಳ ತಲೆ ಎಣಿಸಿ. 2021ರ ಪರಿಷ್ಕರಣದ ಮೇಲೆ, 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ; 31ರಿಂದ 100ರವರೆಗೆ 25,000. ಇದರ ಹತ್ತನೆಯ ಒಂದು ಪಾಲು ಸ್ವಚ್ಛತೆಗೇ ಹೋಗಬೇಕು. ಆಗಲಿ, ಶೌಚಾಲಯ ತೊಳೆಯಬೇಡವೆಂದು ಯಾರೂ ಹೇಳುವುದಿಲ್ಲ. ಉಳಿದದ್ದರಲ್ಲಿ ನಲ್ಲಿಯ ರಿಪೇರಿ, ರಿಜಿಸ್ಟರು, ಜೆರಾಕ್ಸು, ಬಾಗಿಲ ಕೀಲು, ರಾಷ್ಟ್ರೀಯ ಹಬ್ಬದ ಸಿಹಿ, ಸೀಮೆಸುಣ್ಣ. ನಮ್ಮಲ್ಲಿ 34 ಮಕ್ಕಳಿದ್ದರು. ಲೆಕ್ಕದ ಚಂದ ನೋಡಿ: ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆಂದು ಒಂದೆರಡು ಸಂಸಾರ ಗಂಟುಮೂಟೆ ಕಟ್ಟಿದರೆ 34 ಹೋಗಿ 30 ಆಗುತ್ತದೆ, ಶಾಲೆಗೆ 15,000 ರೂಪಾಯಿ ಕಡಿಮೆಯಾಗುತ್ತದೆ. ನಾಲ್ಕು ಮಕ್ಕಳು ಹೋದರೆಂದು ಪ್ರಪಂಚದ ಭೂಪಟದಲ್ಲಿ ನಾಲ್ಕು ದೇಶ ಕಡಿಮೆಯಾಗುತ್ತದೆಯೆ? ಉಳಿದ ಮೂವತ್ತು ಮಕ್ಕಳಿಗೆ ಅದೇ ಹಲಗೆ ಬೇಕು, ಅದೇ ಏಣಿ ಬೇಕು. ಅನುದಾನ ಕೈಗೆ ಬರುವುದಾದರೂ ಶಾಲೆ ತೆರೆಯುವ ಮೊದಲಲ್ಲ. ಎಷ್ಟೋ ವರ್ಷ ನಾನು ಅದನ್ನು ಕಂಡದ್ದು ಮುಕ್ಕಾಲು ಪಾಠ ಮುಗಿದ ಮೇಲೆ, ಮಾರ್ಚಿಯೊಳಗೆ ಖರ್ಚು ತೋರಿಸಬೇಕೆಂಬ ತಾಕೀತಿನೊಡನೆ.

ಸರ್ಕಾರ ಏನೂ ಕೊಡುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಾಲಗೆಗೆ ಪಾಪ ಬಂದೀತು. ಅಕ್ಷರ ದಾಸೋಹದ ಊಟ, 2013ರಿಂದ ಕ್ಷೀರಭಾಗ್ಯದ ಹಾಲು, ಸಮವಸ್ತ್ರ, ಪಠ್ಯಪುಸ್ತಕ, ಬೂಟು—ಇವೆಲ್ಲ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಊಟ ಶುರುವಾದ ಮೇಲೆ ಮಧ್ಯಾಹ್ನದ ಹಾಜರಿ ನಿಂತ ಪರಿಯನ್ನೂ ಕಂಡಿದ್ದೇನೆ. ಆದರೆ ಈ ಒಂದೊಂದನ್ನೂ ಬೆಂಗಳೂರಿನಲ್ಲಿ ಕೂತವರು ಆಲೋಚಿಸಿ ಕಳಿಸಿದರು. ನಿನ್ನ ಕೊಠಡಿಗೆ ಏನು ಬೇಕು ಎಂಬ ಪ್ರಶ್ನೆ ಮಾತ್ರ ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಬರಲಿಲ್ಲ. ಒಮ್ಮೆ ಬಂದಂತಾಗಿತ್ತು. 2001ರಲ್ಲಿ ಹೊರಟ ಸರ್ವ ಶಿಕ್ಷಾ ಅಭಿಯಾನದಲ್ಲಿ ಪ್ರತಿ ಉಪಾಧ್ಯಾಯನ ಕೈಗೆ ವರ್ಷಕ್ಕೆ 500 ರೂಪಾಯಿ ಬರುತ್ತಿತ್ತು, ಬೋಧನೋಪಕರಣ ಕೊಳ್ಳಲು. ಮೇಷ್ಟರ ಕೈಗೆ ದುಡ್ಡು ಕೊಟ್ಟರೆ ತಿಂದುಹಾಕುತ್ತಾರೆ ಎನ್ನುವವರಿಗೆ ಹೇಳುತ್ತೇನೆ: ನಾವು ರಸೀತಿ ಸಮೇತ ಲೆಕ್ಕ ಒಪ್ಪಿಸಿದೆವು, ಆಕಾಶ ಕಳಚಿ ಬೀಳಲಿಲ್ಲ. ಬೆಲೆ ಏರಿದರೂ ಐನೂರು ಐನೂರಾಗಿಯೇ ಉಳಿದು, ಕೊನೆಗೆ ಅದೂ ನನ್ನ ಕೈಗೆ ಬರುವುದು ನಿಂತಿತು.

ಕಾನೂನಿನ ಮಾತೂ ಆಗಲಿ. 2009ರಲ್ಲಿ ಸಂಸತ್ತು ಅಂಗೀಕರಿಸಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾನೂನಿದೆಯಲ್ಲ, ಅದರ ಅನುಸೂಚಿಯನ್ನು ತೆರೆದು ನೋಡಿ. ಪ್ರತಿ ತರಗತಿಗೂ ಅಗತ್ಯಕ್ಕೆ ತಕ್ಕಂತೆ ಬೋಧನೋಪಕರಣ, ಆಟದ ಸಾಮಾನು, ಗ್ರಂಥಾಲಯ. ಗ್ರಂಥಾಲಯದಲ್ಲಿ ವೃತ್ತಪತ್ರಿಕೆಯೂ ಇರಬೇಕೆಂದು ಬರೆದಿದೆ. ನೀವು ಈಗ ಕೈಯಲ್ಲಿ ಹಿಡಿದಿರುವಂಥದ್ದನ್ನು ಆ ಮಕ್ಕಳಿಗೆ ಕಾನೂನು ವಾಗ್ದಾನ ಮಾಡಿದೆ. ಅದನ್ನೇ ನಾನು ಕೆಂಪು ಮಸಿಯಲ್ಲಿ ಹೊಡೆದುಹಾಕಿದ್ದು. ಅದೇ ಕಾನೂನು, ಮಗುವಿನ ಓದಿಗೆ ಅಡ್ಡಬರುವ ಯಾವ ಖರ್ಚನ್ನೂ ತಂದೆತಾಯಿಯ ತಲೆಗೆ ಕಟ್ಟಬಾರದೆನ್ನುತ್ತದೆ. ಆದರೂ 2022ರ ಅಕ್ಟೋಬರ್‌ನಲ್ಲಿ ಒಂದು ಸುತ್ತೋಲೆ ಹೊರಟಿತು: ಶಾಲಾಭಿವೃದ್ಧಿ ಸಮಿತಿಯವರು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ತೆಗೆದುಕೊಳ್ಳಬಹುದು ಎಂದು. ರಾಜ್ಯದಲ್ಲೆಲ್ಲ ಕೂಗೆದ್ದಿತು; ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡರು. ನಾಟಿಯ ಗದ್ದೆಯಲ್ಲಿ ಕೂಲಿ ಮಾಡುವ ತಾಯಿಯನ್ನು ಕೇಳಬಾರದೆಂದು ಕೂಗಿದವರು ಸರಿಯಾಗಿಯೇ ಕೂಗಿದರು. ಆದರೆ ಅದೇ ದುಡ್ಡನ್ನು ತಿಂಗಳಿಗೆ ಹತ್ತು ಸಾವಿರದ ಅತಿಥಿ ಶಿಕ್ಷಕಿಯ ಪರ್ಸಿನಿಂದ ತೆಗೆಯುವಾಗ ಯಾಕೆ ಯಾರೂ ಕೂಗುವುದಿಲ್ಲ? ಅದಕ್ಕೆ ಸುತ್ತೋಲೆಯೇ ಬೇಕಾಗಿಲ್ಲ, ಅದಕ್ಕಾಗಿ.

ಹೌದು, ಆಕೆ ಕೊಂಡಳು. ನಾನು ಉಳಿಸಿದ್ದನ್ನೂ ಕೊಂಡಳು, ಹೊಡೆದದ್ದರಲ್ಲಿ ಅರ್ಧವನ್ನೂ ಕೊಂಡಳು. ನರಸೀಪುರದಿಂದ ಚೀಲ ಹೊತ್ತು ಬಸ್ಸಿನಲ್ಲಿ ತಂದಳು. ಕನ್ನಡಿಯನ್ನು ಗೋಡೆಗೆ ಮಕ್ಕಳ ಎತ್ತರಕ್ಕೆ ಹೊಡೆಸಿದಳು. ಮುಖ ತೊಳೆದು ತಲೆ ಬಾಚಿ ಬರುವ ವಿಷಯದಲ್ಲಿ ನಾನು 35 ವರ್ಷ ಮಾಡಿದ ಭಾಷಣದಿಂದ ಆಗದ ಕೆಲಸವನ್ನು ಆ ಕನ್ನಡಿ ಒಂದು ವಾರದಲ್ಲಿ ಮಾಡಿತು. ಆಗಸ್ಟ್ 15ಕ್ಕೆ ಆಕೆಗೆ ಶಾಲು ಹೊದಿಸಿದೆವು. ಸ್ವಂತ ಹಣದಿಂದ ತರಗತಿಯನ್ನು ನಂದನವನ ಮಾಡಿದ ತ್ಯಾಗಮಯಿ ಎಂದು ನಾನೇ ಮಾತನಾಡಿದೆ, ಚಪ್ಪಾಳೆಯೂ ಆಯಿತು. ಜೂನ್‌ನಿಂದ ಒಂದು ಪೈಸೆ ಕಾಣದ ಆ ಹೆಣ್ಣುಮಗಳು ತಲೆ ತಗ್ಗಿಸಿ ನಿಂತಿದ್ದಳು. ಶಾಲಿನ ಬೆಲೆ ಭೂಪಟದ ಬೆಲೆಗೆ ಹತ್ತಿರ ಹತ್ತಿರ ಇತ್ತು ಎಂಬುದು ಆ ರಾತ್ರಿ ಖರ್ಚು ಬರೆಯುವಾಗ ನನಗೆ ಹೊಳೆಯಿತು.

ಮಹನೀಯರೇ, ಈ ತ್ಯಾಗದ ಸುದ್ದಿಯನ್ನು ಬೆಳಿಗ್ಗೆ ಕಾಫಿಯ ಜೊತೆ ಓದಿ ಕಣ್ಣು ಒದ್ದೆ ಮಾಡಿಕೊಳ್ಳುವವರು ನೀವು. 'ಸ್ವಂತ ಖರ್ಚಿನಲ್ಲಿ ಶಾಲೆಗೆ ಬಣ್ಣ ಬಳಿದ ಶಿಕ್ಷಕ' ಎಂಬ ತಲೆಬರಹವನ್ನು ಹತ್ತು ಜನಕ್ಕೆ ರವಾನಿಸುವವರೂ ನೀವೇ. ನಿಮ್ಮ ಸಹೃದಯತೆಯನ್ನು ನಾನು ಹಳಿಯುತ್ತಿಲ್ಲ. ಆದರೆ ಆಸ್ಪತ್ರೆಯಲ್ಲಿ ದಾದಿ ಸ್ವಂತ ಹಣದಿಂದ ಹತ್ತಿ ಕೊಂಡು ಗಾಯ ಕಟ್ಟಿದಳೆಂದು ಓದಿದರೆ ನೀವು ದಾದಿಯನ್ನು ಹೊಗಳಿ ಸುಮ್ಮನಾಗುವಿರಾ? ಹತ್ತಿ ಎಲ್ಲಿ ಹೋಯಿತು ಎಂದು ಕೇಳುವಿರಿ. ಆ ಎರಡನೆಯ ಪ್ರಶ್ನೆ ಶಾಲೆಯ ವಿಷಯದಲ್ಲಿ ಏಕೆ ಏಳುವುದಿಲ್ಲ? ಅಮೆರಿಕದಂಥ ಸಿರಿವಂತ ನಾಡಿನಲ್ಲಿಯೂ ಇದೇ ಪಾಡು ಎಂದು ಸಮಾಧಾನ ಹೇಳುವ ಮಿತ್ರರುಂಟು. ನಿಜ, 2014–15ರ ಲೆಕ್ಕದಲ್ಲಿ ಅಲ್ಲಿಯ ಸರ್ಕಾರಿ ಶಾಲೆಗಳ ಉಪಾಧ್ಯಾಯರಲ್ಲಿ ನೂರಕ್ಕೆ 94 ಮಂದಿ ಕೈಯಿಂದ ಹಾಕಿದ್ದರು, ಸರಾಸರಿ 479 ಡಾಲರು. ಆದರೆ ಅಲ್ಲಿ ಆ ಖರ್ಚಿಗೆ 2002ರಿಂದ ಆದಾಯ ತೆರಿಗೆಯಲ್ಲಿ ಒಂದಿಷ್ಟು ವಿನಾಯಿತಿ ಉಂಟು. ಎಂದರೆ ಹೀಗೊಂದು ಖರ್ಚು ನಡೆಯುತ್ತಿದೆಯೆಂದು ಸರ್ಕಾರ ಕಾಗದದ ಮೇಲೆ ಒಪ್ಪಿಕೊಂಡಿದೆ. ನಮ್ಮಲ್ಲಿ ಶಾಲು. ಹಾಗೆಂದು ನ್ಯಾಯ ಮರೆಯಬಾರದು: 2025ರ ಸೆಪ್ಟೆಂಬರ್ 22ರಿಂದ ಪೆನ್ಸಿಲು, ರಬ್ಬರು, ನೋಟುಪುಸ್ತಕ, ಭೂಪಟ, ಭೂಗೋಲಗಳ ಮೇಲಿನ ಜಿ.ಎಸ್.ಟಿ. ತೆಗೆದಿದ್ದಾರೆ. ಅದಕ್ಕೆ ಮೊದಲು ಆಕೆ ಕೊಂಡ ಪೆನ್ಸಿಲಿಗೆ ನೂರಕ್ಕೆ 12ರಂತೆ ತೆರಿಗೆಯನ್ನೂ ತೆತ್ತಿದ್ದಳು. ಸರ್ಕಾರದ ಮಕ್ಕಳಿಗೆ ಸರ್ಕಾರ ಕೊಡಬೇಕಾದ್ದನ್ನು ಕೊಟ್ಟು, ಮೇಲೆ ಸರ್ಕಾರಕ್ಕೇ ತೆರಿಗೆ!

ಹಿಂದೆ ಮರಳಿನ ಮೇಲೆ ಬರೆದು ಕಲಿಯಲಿಲ್ಲವೆ ಎಂಬ ವಾದ ಇನ್ನೊಂದು. ಮರಳಿಗೇನು, ತಲಕಾಡಿನ ಮಗ್ಗುಲಲ್ಲಿ ಕೂತವರಿಗೆ ಇಡೀ ಹಿಂದೂಸ್ಥಾನಕ್ಕೆ ಅಕ್ಷರ ಕಲಿಸುವಷ್ಟು ಮರಳಿದೆ. ಆದರೆ ಕೂಲಿಮಠದ ಐಗಳಿಗೆ ಊರವರು ಹಬ್ಬಹಬ್ಬಕ್ಕೆ ದವಸ ಅಳೆದು ಕೊಡುತ್ತಿದ್ದರು. ಐಗಳೇ ಎದುರು ದವಸ ಅಳೆದು ಕೊಟ್ಟು ಪಾಠ ಹೇಳಿದ್ದಿಲ್ಲ. ಕಡಿಮೆ ಬೆಲೆಯ ಬೋಧನೋಪಕರಣವೆಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಹುಣಸೆ ಬೀಜ, ಬಾಟಲಿ ಮುಚ್ಚಳ, ಬೆಂಕಿಪೆಟ್ಟಿಗೆ. ಹುಣಸೆ ಬೀಜದ ಮೇಲೆ ನನಗಿರುವ ಪ್ರೀತಿ ಇನ್ನೊಬ್ಬರಿಗೆ ಇರಲಾರದು. ಎಷ್ಟೋ ಮಕ್ಕಳಿಗೆ ಅದರಲ್ಲೇ ಮಗ್ಗಿ ಕಲಿಸಿದ್ದೇನೆ. ಆದರೆ ಹುಣಸೆ ಬೀಜದಲ್ಲಿ ಆಫ್ರಿಕ ಖಂಡ ಎಲ್ಲಿದೆ ಎಂದು ತೋರಿಸಲಾಗುವುದಿಲ್ಲ.

ಹಣವಿಲ್ಲ ಎನ್ನುತ್ತಾರೆ. ರಾಷ್ಟ್ರದ ವರಮಾನದಲ್ಲಿ ನೂರಕ್ಕೆ ಆರು ಪಾಲು ವಿದ್ಯೆಗೆ ಬೇಕೆಂದು ಕೊಠಾರಿ ಆಯೋಗ ಹೇಳಿದ್ದು 1966ರಲ್ಲಿ. 2020ರ ನೀತಿಯಲ್ಲಿಯೂ ಅದೇ ಆರನ್ನು ಇನ್ನೂ ಮುಟ್ಟಬೇಕಾದ ಗುರಿಯೆಂದೇ ಬರೆಯಬೇಕಾಯಿತು. ಅಷ್ಟು ದೊಡ್ಡ ಮಾತು ನನಗೆ ಬೇಡ. ನಾನು ಕೇಳುವುದು ಸಣ್ಣದು. ಶಾಲೆ ತೆರೆದ ಮೊದಲ ವಾರ ಪ್ರತಿಯೊಬ್ಬ ಉಪಾಧ್ಯಾಯ, ಅತಿಥಿಯಾಗಲಿ ಮನೆಯವನಾಗಲಿ, ತನ್ನ ಕೊಠಡಿಯ ಪಟ್ಟಿ ಬರೆಯಲಿ. ಶಾಲಾಭಿವೃದ್ಧಿ ಸಮಿತಿಯ ನಡವಳಿಯಲ್ಲಿ ಅದು ಪೂರ್ತಿ ದಾಖಲಾಗಲಿ. ಯಾರೂ ಗೀಟು ಎಳೆಯಕೂಡದು. ಬಿಸಿಯೂಟದ ಬಾಬುಗಳನ್ನು ಬರೆಯುವ ಹಲಗೆಯ ಪಕ್ಕದಲ್ಲಿ ಅದನ್ನೂ ತೂಗುಹಾಕಲಿ: ಕೇಳಿದ್ದು, ಕೊಟ್ಟದ್ದು, ಕೊಡದಿದ್ದರೆ ಯಾಕೆ. ಅನುದಾನ ಮೇ ತಿಂಗಳಲ್ಲಿ ಬರಲಿ, ಅದರಲ್ಲಿ ಒಂದು ಪಾಲು ಈ ಪಟ್ಟಿಗೆಂದೇ ಮೀಸಲಾಗಿರಲಿ. ಮತ್ತು ಸ್ವಂತ ಹಣ ಹಾಕಿದವರಿಗೆ ಶಾಲು ಹೊದಿಸುವುದನ್ನು ನಿಲ್ಲಿಸಿ, ರಸೀತಿ ಕೇಳಿ ಹಣ ಹಿಂದಕ್ಕೆ ಕೊಡಲಿ. 'ಸಿಗಲಿಲ್ಲ' ಎಂದು ಒಂದು ಕಾಗದದಲ್ಲಿ ಬರೆದಿಟ್ಟರೆ ಸಾಕು. ಮುಂದಿನ ವರ್ಷ ಅದನ್ನು ಓದುವವರಿದ್ದಾರೆ. 'ಬೇಡ' ಎಂದು ಬರೆದರೆ ಅಲ್ಲಿಗೆ ಮುಗಿಯಿತು.

ನಿವೃತ್ತಿಗೆ ಮುಂಚೆ ಅಷ್ಟನ್ನು ನನ್ನ ಶಾಲೆಯಲ್ಲಿಯಾದರೂ ಮಾಡಿದೆ. ಆಕೆಯ 31 ಬಾಬನ್ನು, ನಾನು ಗೀಟೆಳೆದದ್ದನ್ನೂ ಸೇರಿಸಿ, ದುಂಡಗೆ ಬರೆದು ಊಟದ ಹಲಗೆಯ ಪಕ್ಕಕ್ಕೆ ತೂಗುಹಾಕಿಸಿದೆ. ಆಕೆ ಕೈಯಿಂದ ಕೊಂಡದ್ದರ ಮುಂದೆ 'ಬಾಕಿ' ಎಂದು ಬರೆಸಿದೆ. ತನಿಖೆಗೆ ಬಂದವರು ಇದೇನು ಎಂದು ಕೇಳಿದರು, ಹೇಳಿದೆ, ತೆಗೆಸಿ ಎನ್ನಲಿಲ್ಲ, ಇರಲಿ ಎಂದೂ ಎನ್ನಲಿಲ್ಲ. ಹೋದ ಜಾತ್ರೆಗೆ ಮುಡುಕುತೊರೆಗೆ ಹೋದವನು ಹಾಗೆಯೇ ಆ ಕಡೆ ನಡೆದು ಬಂದೆ. ಆಕೆಯನ್ನು ಆ ವರ್ಷವೂ ಅತಿಥಿಯಾಗಿಯೇ ಕರೆದಿದ್ದರು. ಪಟ್ಟಿ ಗೋಡೆಯ ಮೇಲಿತ್ತು. ಒಂಬತ್ತು ಬಾಬಿಗೆ ಟಿಕ್ಕು ಬಿದ್ದಿತ್ತು. ಹದಿನಾಲ್ಕನೆಯದು ಹಾಗೆಯೇ ಇತ್ತು. ಅದರ ಕೆಳಗೆ ಯಾವುದೋ ಮಗು ಪೆನ್ಸಿಲಿನಲ್ಲಿ ಒಂದು ದುಂಡು ಬರೆದು, ಒಳಗೆ ನೀರು ಎಂದು ಬರೆದಿತ್ತು.